ಅಶುವಿನ ಬಿಡುಗಡೆ

ಸ್ವಾತಂತ್ರ್ಯವು ದಾನದಿಂದ ಪೂರ್ಣವಾಗುವುದೇ? ಕ್ರಿ. ಶ. ೧೧೩೨ನೆಯ ಅಕ್ಟೋಬರು ೧೭ರಂದು ಮಂಗಳೂರಿನಲ್ಲಿ, ಟ್ಯುನೀಸಿಯ ದೇಶದಿಂದ ಬಂದಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವು ಅಶುವೆಂಬ ದಾಸಿಗೆ ವಿಮೋಚನಾಪತ್ರವನ್ನು ಬರೆದುಕೊಟ್ಟನು. ಅವಳೇ ಅವನ ಪತ್ನಿಯಾದಳೆಂಬುದು ವಿದ್ವಾಂಸರ ಮತ.

ಮೆಣಸು, ಅಡಿಕೆ, ಕಂಚಿನ ಪಾತ್ರೆಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದ ಅವನ ಲೆಕ್ಕಪತ್ರಗಳು ಕೈರೋವಿನ ಯೆಹೂದಿ ಪ್ರಾರ್ಥನಾಮಂದಿರವೊಂದರಲ್ಲಿ ಉಳಿದುಬಂದುವು. ಅವಳ ನುಡಿಯೊಂದೂ ಉಳಿಯಲಿಲ್ಲ. ೧೧೪೯ರಲ್ಲಿ ಅವನು ಮಕ್ಕಳೊಡನೆ ಏಡನ್ನಿಗೆ ಮರಳಿದಾಗ ಅವಳೂ ಹೋದಳೆಂಬ ಸುಳಿವು ಆ ಪತ್ರಗಳಲ್ಲಿಲ್ಲ.

ಅದೇ ಅಡಿಕೆಯಿಂದ ಬಾಳಿದ ಶಿಕಾರಿಪುರ, ಸೊರಬಗಳ ಮನೆತನಗಳಲ್ಲಿಯಾದರೂ ಹಳೆಯ ಖಾತೆಯನ್ನು ತೆರೆದರೆ ಎಷ್ಟು ಗೃಹಿಣಿಯರ ಹೆಸರು ದೊರೆತೀತು?

ಕಟ್ಟನ್ನು ಬಿಚ್ಚುವುದು ಧರ್ಮದ ಪೂರ್ವಾರ್ಧ. ಬಿಡುಗಡೆ ಹೊಂದಿದವಳ ಮಾತಿಗೆ ಕಿವಿಗೊಡುವುದು ಉತ್ತರಾರ್ಧ. ಬೆನ್ ಯಿಜುವು ಮೊದಲನೆಯದನ್ನು ಮಾಡಿದನು. ಎರಡನೆಯದು ಪ್ರತಿಯೊಂದು ಮನೆಯ ಮೇಲೂ ಇರುವ ಋಣ.