ತವರಿನ ಸೀಟು

ನಮ್ಮ ಅಣ್ಣನ ಮಗಳು ಹೋದ ವರ್ಷ ಸೋಲಾಪುರದಿಂದ ಅಕ್ಕಲಕೋಟೆಗೆ ಬಂದಾಗ ಕೈಯಲ್ಲಿ ಎರಡು ಪಟ್ಟಿ ಇದ್ದವು. ಆಕೆ ಬಯೋಮೆಡಿಕಲ್ ಇಂಜಿನಿಯರಿಂಗ್ ಕಲಿಯಬೇಕಂತ ಹಟ ಹಿಡಿದಿದ್ದಳು. ಇಸಿಜಿ, ವೆಂಟಿಲೇಟರ್, ಡಯಾಲಿಸಿಸ್ ಯಂತ್ರಗಳನ್ನು ಕಟ್ಟುವ, ಕೆಟ್ಟರೆ ದುರಸ್ತಿ ಮಾಡುವ ವಿದ್ಯೆ ಅದು. ಯಂತ್ರ ಕೆಟ್ಟದೆ ಅಂತ ನಮ್ಮಪ್ಪನನ್ನು ಡಯಾಲಿಸಿಸ್ ಇಲ್ಲದೆ ವಾಪಸ್ ಕಳಿಸಿದ ದಿನ ಆಕೆ ಜೊತೆಗಿದ್ದಳು.

ಒಂದು ಪಟ್ಟಿ ಮಹಾರಾಷ್ಟ್ರದ್ದು, ಮುಂಬೈಯ ಕಾಲೇಜುಗಳು. ಇನ್ನೊಂದು ಕರ್ನಾಟಕದ್ದು. ಬೆಂಗಳೂರಿನ ಬಿ.ಎಂ.ಎಸ್., ರಾಮಯ್ಯ ಕಾಲೇಜುಗಳಲ್ಲಿ ಇಂಥದೇ ವಿದ್ಯೆಗೆ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಅಂತ ಹೆಸರು. ಆ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಬಾಗಿಲು ಇದೆ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ, ಗಡಹಿಂಗ್ಲಜ ತಾಲೂಕುಗಳಲ್ಲಿ ಇದ್ದು ಏಳು ವರ್ಷ ಓದಿದ ಕನ್ನಡದ ಮಕ್ಕಳು ಅದರೊಳಗೆ ಹೋಗಬಹುದು. ಜೊತೆಗೆ 50 ಅಂಕದ ಕನ್ನಡ ಪರೀಕ್ಷೆ ಬರೆಯಬೇಕು, 12 ಬಂದರೆ ಸಾಕು. 1967ರಲ್ಲಿ ಮಹಾಜನ ವರದಿ ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಲಿ ಅಂದಿತ್ತು. ಊರು ಸೇರಲಿಲ್ಲ, ಮಕ್ಕಳಿಗೆ ಮಾತ್ರ ಈ ದಾರಿ ಉಳಿಯಿತು.

ಅರ್ಜಿ ತುಂಬುವಾಗ ಆಕೆ ಪೆನ್ನು ಕೆಳಗಿಟ್ಟಳು. "ಕಾಕಾ, ಇದು ಮೋಸ ಅಲ್ಲೇನ್ರಿ? ಸೋಲಾಪುರದ ಹಾಸ್ಟೆಲಿನಾಗ ಎರಡು ವರ್ಷ ನಾ ಕನ್ನಡದಾಕಿ ಅಂತ ಯಾರಿಗೂ ಹೇಳಿಲ್ಲ. ಅವ್ವನ ಫೋನ್ ಬಂದ್ರ ಹೊರಗ ಹೋಗಿ ಮಾತಾಡ್ತಿದ್ದೆ. ಈಗ ಸೀಟ್ ಬೇಕಂತ ಕನ್ನಡ ಬೇಕೇನು?"

ಉತ್ತರ ಕೊಡೋ ಯೋಗ್ಯತೆ ನನಗೆಲ್ಲಿತ್ತು? ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ತಿದ್ದಿದವ ನಾನು. ನನ್ನ ಮಗನನ್ನು ಮಾತ್ರ ಮರಾಠಿ ಶಾಲೆಗೆ ಹಾಕಿದೆ. ಇಂದು ಅವನಿಗೆ ಆ 12 ಅಂಕವೂ ಬರಲಾರವು. ಲೆಕ್ಕ ನೋಡಿ ಭಾಷೆ ಬಿಟ್ಟವ ನಾನು. ಲೆಕ್ಕ ನೋಡಿ ಹಿಡಿಯೋಕೆ ನಾಚಿಕೊಂಡವಳು ಆಕೆ. ಇಬ್ಬರಲ್ಲಿ ಯಾರು ಪ್ರಾಮಾಣಿಕರು, ನೀವೇ ಹೇಳಿ.

ರಾತ್ರಿಯೆಲ್ಲ ವಿಚಾರ ಮಾಡಿದೆ. ಎಷ್ಟೋ ದಿನ ಬಾರದ ಮಗಳು ಅಡಚಣೆ ಬಂದಾಗ ತವರಿಗೆ ಬಂದರೆ, ಅವ್ವ ಬಾಗಿಲಲ್ಲೇ ನಿಲ್ಲಿಸಿ ಇಷ್ಟು ದಿನ ಎಲ್ಲಿದ್ದೆ ಅಂತ ಕೇಳತಾಳೇನು? ಮೊದಲು ಉಣ್ಣಾಕ ಹಾಕತಾಳ. ಆದರೆ ಉಂಡು ಹೋದ ಮಗಳು ಓಣಿಯಲ್ಲಿ ಇದು ನನ್ನ ತವರಲ್ಲ ಅಂದರೆ ಅದು ತಪ್ಪು. ಹಕ್ಕು ಬೇಡಿದ್ದು ತಪ್ಪಲ್ಲ, ಪಡೆದ ಮೇಲೆ ಮರೆಮಾಚುವುದು ತಪ್ಪು.

ಹಾಗಾದರೆ ಕಲಿತು ಮತ್ತೆ ಇಲ್ಲಿಗೇ ಬರಬೇಕೇ? ಹಾಗೆ ಅನ್ನೋಕೆ ನನಗೆ ಮನಸ್ಸಾಗಲಿಲ್ಲ. 1910ರಲ್ಲಿ ಸೋಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಚೀನಾಕ್ಕೆ ಹೋಗಿ, ಯುದ್ಧದ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಊರ ಋಣ ಉಳಿಸಿ ಹೋದರು ಅಂತ ಅವರನ್ನು ಯಾರೂ ಅನ್ನಲಿಲ್ಲ. ಸೋಲಾಪುರದಲ್ಲಿ ಅವರ ಸ್ಮಾರಕ ಇದೆ. ಋಣ ಊರಿಗಿಂತ ಹೆಚ್ಚಾಗಿ ರೋಗಿಗೆ ಸೇರಿದ್ದು.

ಬೆಳಿಗ್ಗೆ ಇದನ್ನೇ ಹೇಳಿ, ಇಬ್ಬರೂ ಕೂತು ಕಾಲೇಜುಗಳನ್ನು ಮತ್ತೆ ಬರೆದೆವು. ಹೆಸರು ದೊಡ್ಡದೋ ಸಣ್ಣದೋ ಅನ್ನೋದನ್ನು ಬದಿಗಿಟ್ಟೆವು. ಆವರಣದಲ್ಲೇ ಆಸ್ಪತ್ರೆ ಇದೆಯೇ? ವಿದ್ಯಾರ್ಥಿ ಕೈಯಿಂದ ಯಂತ್ರ ಬಿಚ್ಚತಾನೋ, ಬರೀ ಚಿತ್ರ ನೋಡತಾನೋ? ಫೀ ಕಟ್ಟಲು ಅಣ್ಣ ಹೊಲ ಮಾರಬೇಕೇ? ಈ ಮೂರು ಕೇಳಿ ನೋಡಿದಾಗ ರಾಮಯ್ಯ ಮೇಲೆ ಬಂತು, ಆಸ್ಪತ್ರೆ ಮಗ್ಗುಲಲ್ಲೇ ಇದೆ. ಮುಂಬೈಯ ಎರಡು ಹೆಸರು ಕೆಳಗಿಳಿದವು, ಆದರೆ ಹೊಡೆದು ಹಾಕಲಿಲ್ಲ. ಸಿಗುತ್ತದೋ ಇಲ್ಲವೋ ಅಂಕ ಹೇಳಬೇಕು.

ಆಮೇಲೆ ಆಕೆ ಕನ್ನಡ ಪರೀಕ್ಷೆಗೆಂದು ಒಂದು ಪುಟ ಬರೆದು ತೋರಿಸಿದಳು. ಒತ್ತಕ್ಷರ ನಾಲ್ಕು ಕಡೆ ತಪ್ಪಿದ್ದವು. ತಿದ್ದುತ್ತಿರುವಾಗ ನನ್ನ ಮಗ ಬಂದು ಪಕ್ಕದಲ್ಲಿ ನಿಂತು, "ಇದೇನ್ ಬರದಾಳಪ್ಪಾ?" ಅಂದ. ಓದಿ ಹೇಳಿದೆ. ಬೇರೇನು ಹೇಳಲಿ?