ಇಂದಿನ ಧಮ್ಮ ಚಿಂತನೆ: ಅರಳಿಯ ನೆರಳು



ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹಕ್ಕಿ ನೋಡುವವರ ನಡಿಗೆ ದಶಕಗಳಿಂದ ನಡೆದು ಬಂದಿದೆ. ನಡಿಗೆಗೆ ದುಡ್ಡಿಲ್ಲ, ಯಾರ ಪೈಕಿ ಎಂದು ಕೇಳುವವರಿಲ್ಲ. 1760ರಲ್ಲಿ ಹೈದರಾಲಿ ತನಗಾಗಿ ಹಾಕಿಸಿದ ತೋಟ, ಇಂದು 240 ಎಕರೆ, ಎಲ್ಲರದು.

ನಮ್ಮ ಕಡೆ ತೋಟ ಎಂದರೆ ಬೇರೆ. ನಮ್ಮ ತಾತ ತೆಂಗಿನ ತೋಟದೊಳಗೆ ಹೋದದ್ದು ಕಾಯಿ ಕೀಳಲು, ಸುಲಿಯಲು, ಮರ ನೋಡಲಿಕ್ಕಲ್ಲ. ಊರ ಅರಳಿಕಟ್ಟೆಯ ಮೇಲೆ ಅವರು ಕೂರುವಂತಿರಲಿಲ್ಲ. ಬುದ್ಧಗುರುವಿಗೆ ಬೋಧಿಯಾದದ್ದು ಅದೇ ಜಾತಿಯ ಮರದ ಕೆಳಗೆ! (ಮರದ ಜಾತಿ ಬೇರೆ ಬಿಡಿ, ಯಾರನ್ನೂ ದೂರ ನಿಲ್ಲಿಸುವುದಿಲ್ಲ.)

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ, ಸಾರ್ವಜನಿಕವಾದದ್ದು ನಮ್ಮದೂ ಹೌದು ಎಂದು. ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದೊಯ್ಯುವುದನ್ನೂ ನಾನು ಹಾಗೇ ನೋಡುತ್ತೇನೆ.

ಭಿಕ್ಷುಗಳು ಗಿಡ ಕಡಿಯಬಾರದೆಂದು ವಿನಯದಲ್ಲಿದೆ. ಮಳೆಗಾಲದಲ್ಲಿ ಹಸಿರು ಹುಲ್ಲು ತುಳಿಯುತ್ತಾರೆಂದು ಜನ ದೂರಿದ್ದರಿಂದಲೇ ವರ್ಷಾವಾಸ ಬಂತು.

ಅರಳಿ ಕಂಡರೆ ಮಕ್ಕಳು ದಾರ ಸುತ್ತಬೇಕಿಲ್ಲ. ಎಲೆಯ ಬಾಲದಂಥ ತುದಿಯಿಂದ ಮಳೆನೀರು ಹೇಗೆ ಜಾರುತ್ತದೆ, ಹಣ್ಣಿಗೆ ಯಾವ ಹಕ್ಕಿ ಬರುತ್ತದೆ, ನೋಡಲಿ.

ಬರುವವರು ಗುಂಪಿನಲ್ಲಿ ಹೆಸರು ಹಾಕಿ. ಶನಿವಾರ ಸಂಜೆಯೇ ತಿಪಟೂರಿನಲ್ಲಿ ರೈಲು ಹತ್ತಬೇಕು. ಬುತ್ತಿ ಮನೆಯಿಂದಲೇ.