ಎತ್ತರದವರ ಸೂರ್ಯಾಸ್ತ

ದುಬೈಗೆ ಹೋಗಿ ಬಂದವರಿಗೆ ಊರಲ್ಲಿ ಎದುರಾಗುವ ಮೊದಲ ಪ್ರಶ್ನೆ ಒಂದೇ: "ಬುರ್ಜ್ ಖಲೀಫಾ ಹತ್ತಿದ್ರಾ?" ಒಂದು ವಾರ ಅಲ್ಲಿದ್ದು ಬಂದ ಮೇಲೆ ನನ್ನನ್ನೂ ಹತ್ತಾರು ಜನ ಇದನ್ನೇ ಕೇಳಿದರು. ಹೌದು ಅಂದೆ. ನಿಜ ಹೇಳಬೇಕೆಂದರೆ ಹತ್ತಿದ್ದು ಲಿಫ್ಟು, ನಾನು ಸುಮ್ಮನೆ ನಿಂತಿದ್ದೆ. ಸೆಕೆಂಡಿಗೆ 10 ಮೀಟರ್ ವೇಗ. ಕಿವಿ ಒಮ್ಮೆ ಗುಂಯ್ ಅನ್ನುವಷ್ಟರಲ್ಲಿ 124ನೇ ಮಹಡಿ, ನೆಲದಿಂದ 452 ಮೀಟರ್ ಮೇಲೆ! ಮಂಡಿ ನೋವಿಲ್ಲ, ಬೆವರಿಲ್ಲ. ಕುಮಾರಪರ್ವತ ಹತ್ತಿದವರು ಇದನ್ನು "ಹತ್ತುವುದು" ಅಂತ ಒಪ್ಪಲಿಕ್ಕಿಲ್ಲ.

ಮೇಲೆ ನಿಂತಾಗ ಖುಷಿಯಾಯಿತು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳುಗಾಡು, ನಡುವೆ ಶೇಖ್ ಜಾಯೆದ್ ರಸ್ತೆಯಲ್ಲಿ ಇರುವೆ ಸಾಲಿನಂತೆ ಕಾರುಗಳು. ನೆಲದ ಮೇಲೆ ನಿಂತವನ ಕಣ್ಣಿಗೆ ದಿಗಂತ ಇರುವುದು ಸುಮಾರು 5 ಕಿಲೋಮೀಟರ್ ದೂರದಲ್ಲಿ. 452 ಮೀಟರ್ ಮೇಲೆ ನಿಂತರೆ ಅದೇ ದಿಗಂತ ಸುಮಾರು 75 ಕಿಲೋಮೀಟರ್ ಆಚೆ ಸರಿಯುತ್ತದೆ. ಧೂಳು, ಮಬ್ಬು ಇಲ್ಲದಿದ್ದರೆ ಅಷ್ಟೂ ಕಾಣಬೇಕು. ಎಂದೂ ಕಾಣದಷ್ಟು ಜಗತ್ತು ಒಮ್ಮೆಲೇ ಕಣ್ಣಿಗೆ ಬೀಳುತ್ತದೆ, ಆದರೆ ಅದರಲ್ಲಿ ಒಬ್ಬ ಮನುಷ್ಯನ ಮುಖವೂ ಇರುವುದಿಲ್ಲ. ನಗರ ನೀಟಾಗಿ, ಯಾರೋ ಜೋಡಿಸಿಟ್ಟ ಆಟಿಕೆಯ ಹಾಗೆ ಕಾಣುತ್ತದೆ. ನೋಡುತ್ತಾ ನೋಡುತ್ತಾ "ಓ, ದುಬೈ ಅಂದ್ರೆ ಇಷ್ಟೇನಾ!" ಅನ್ನಿಸಿಬಿಡುತ್ತದೆ. ಎಲ್ಲ ಅರ್ಥವಾಯಿತು ಅನ್ನುವ ಆ ಭಾವನೆಯೇ ಎತ್ತರದ ಅಮಲು ಇರಬೇಕು.

ನಮ್ಮ ಭಾವ 14 ವರ್ಷದಿಂದ ದುಬೈಯಲ್ಲಿದ್ದಾರೆ, ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ ಸೂಪರ್‌ವೈಸರ್. ನಾವಿದ್ದದ್ದು ಅವರ ಮನೆಯಲ್ಲೇ. ಅವರು ಇದುವರೆಗೆ ಒಮ್ಮೆಯೂ ಬುರ್ಜ್ ಖಲೀಫಾದ ಮೇಲೆ ಹೋಗಿಲ್ಲ. "ಯಾಕೆ ಭಾವ, ಟಿಕೆಟ್ ದುಬಾರಿ ಅಂತಲಾ?" ಅಂತ ಕೇಳಿದೆ. "ದುಡ್ಡಿನ ವಿಷಯ ಅಲ್ಲ ಮಾರಾಯ. ಮೇಲಿಂದ ನೋಡಿದ್ರೆ ಕ್ರೇನು ಕಾಣ್ತದೆ, ಹುಡುಗರು ಕಾಣೋದಿಲ್ಲ. ನನಗೆ ದಿನಾ ಅವರನ್ನು ನೋಡಿ ಅಭ್ಯಾಸ" ಅಂದರು.

ಅವರು ಹೇಳಿದ "ಹುಡುಗರು" ಯಾರು ಅಂತ ಸ್ವಲ್ಪ ಹೇಳಬೇಕು. ಬುರ್ಜ್ ಖಲೀಫಾಕ್ಕೆ ಅಗೆತ ಶುರುವಾದದ್ದು 2004ರ ಜನವರಿಯಲ್ಲಿ, ಉದ್ಘಾಟನೆ ಆದದ್ದು 2010ರ ಜನವರಿ 4ಕ್ಕೆ. ಕೆಲಸ ಜೋರಾಗಿದ್ದ ಕಾಲದಲ್ಲಿ ದಿನಕ್ಕೆ ಸುಮಾರು 12,000 ಜನ ಅಲ್ಲಿ ದುಡಿಯುತ್ತಿದ್ದರು, ಕೂಲಿಯವರಲ್ಲಿ ಹೆಚ್ಚಿನವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಕಡೆಯವರು. ಬೇಸಿಗೆಯ ಹಗಲಿನ ಬಿಸಿಗೆ ಕಾಂಕ್ರೀಟು ಹಾಳಾಗುತ್ತದೆ ಅಂತ ಅದಕ್ಕೆ ಐಸ್ ಬೆರೆಸಿ, ರಾತ್ರಿ ಹೊತ್ತು ಸುರಿಯುತ್ತಿದ್ದರು. 2006ರ ಮಾರ್ಚ್‌ನಲ್ಲಿ ಇದೇ ಸೈಟಿನಲ್ಲಿ ಸುಮಾರು 2,500 ಕಾರ್ಮಿಕರು ಸಂಬಳ, ಸೌಲಭ್ಯಗಳ ವಿಚಾರಕ್ಕೆ ಸಿಡಿದೆದ್ದರು. ಅದೂ ಕಾರ್ಮಿಕ ಸಂಘ ಕಟ್ಟುವುದಕ್ಕೆ ಅವಕಾಶವೇ ಇಲ್ಲದ ದೇಶದಲ್ಲಿ.

ಕಟ್ಟಡದ ಒಟ್ಟು ಎತ್ತರ 828 ಮೀಟರ್. ಅದರಲ್ಲಿ ಕೊನೆಯ 244 ಮೀಟರ್ ಜನ ವಾಸ ಮಾಡುವ ಜಾಗವೇ ಅಲ್ಲ, ಎತ್ತರಕ್ಕೋಸ್ಕರ ಎತ್ತರ. ಅಲ್ಲಿಗೂ ಯಾರೋ ಹೋಗಿ ಬೋಲ್ಟ್ ಬಿಗಿ ಮಾಡಿ ಇಳಿದು ಬಂದಿದ್ದಾರಲ್ಲ? "ಹತ್ತಿದ್ರಾ?" ಅನ್ನುವ ಪ್ರಶ್ನೆಯನ್ನು ಕೇಳಬೇಕಾದದ್ದು ಅವರನ್ನು. ಕಟ್ಟುವಾಗ ಇದರ ಹೆಸರು ಬುರ್ಜ್ ದುಬೈ ಅಂತಿತ್ತು. 2009ರಲ್ಲಿ ದುಬೈ ಸಾಲದಲ್ಲಿ ಮುಳುಗಿದಾಗ ಅಬುಧಾಬಿ ಕೋಟಿಗಟ್ಟಲೆ ಡಾಲರ್ ಕೊಟ್ಟು ಕೈಹಿಡಿಯಿತು. ಉದ್ಘಾಟನೆಯ ದಿನ ಕಟ್ಟಡಕ್ಕೆ ಅಬುಧಾಬಿಯ ದೊರೆ ಶೇಖ್ ಖಲೀಫಾ ಅವರ ಹೆಸರು ಬಂತು. ಇದಕ್ಕೆ ನಾವು ನಗುವ ಹಾಗಿಲ್ಲ ಬಿಡಿ. ನಮ್ಮಲ್ಲಿ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಇರುತ್ತದೆ, ಕಂಬ ಕೆತ್ತಿದವನದು ಇರುವುದಿಲ್ಲ.

ಈಗ ಪ್ರಶ್ನೆಗೆ ಬರೋಣ. ಇದೆಲ್ಲ ಗೊತ್ತಿದ್ದೂ ಅಂಥ ಜಾಗಕ್ಕೆ ಹೋಗಿ, ಫೋಟೋ ತೆಗೆದು, ಖುಷಿಪಡುವುದು ಸರಿಯೇ?

ಕೆಲವರು ಹೇಳುತ್ತಾರೆ, ಯಾವ ದೊಡ್ಡ ಕಟ್ಟಡ ಬೆವರಿಲ್ಲದೆ ಎದ್ದಿದೆ? ಹಾಗೆ ನೋಡಹೊರಟರೆ ತಾಜಮಹಲೂ ನೋಡುವ ಹಾಗಿಲ್ಲ. ಈ ಮಾತಿನಲ್ಲಿ ಒಂದು ಮೋಸ ಇದೆ. ತಾಜಮಹಲ್ ಕಟ್ಟಿದವರಿಗೆ ಇವತ್ತು ನಾವು ಏನೂ ಮಾಡಲಾರೆವು. ಬುರ್ಜ್ ಖಲೀಫಾ ಕಟ್ಟಿದವರಲ್ಲಿ ಎಷ್ಟೋ ಜನ ಇನ್ನೂ ದುಡಿಯುವ ವಯಸ್ಸಿನಲ್ಲೇ ಇದ್ದಾರೆ, ಬೇರೆ ಸೈಟಿನಲ್ಲಿ ಕಂಬಿ ಕಟ್ಟುತ್ತಿರಬಹುದು. ಇತಿಹಾಸದ ಲೆಕ್ಕಕ್ಕೆ ಅವರನ್ನು ಇಷ್ಟು ಬೇಗ ಸೇರಿಸಬಾರದು.

ಇನ್ನು ಕೆಲವರು, ಅಂಥ ಕಟ್ಟಡದ ಹತ್ತಿರವೂ ಸುಳಿಯಬೇಡಿ ಅನ್ನುತ್ತಾರೆ. ಭಾವನ ಹತ್ತಿರ ಈ ಮಾತು ತೆಗೆದಾಗ ಅವರಿಗೆ ಸ್ವಲ್ಪ ಸಿಟ್ಟೇ ಬಂತು. "ನೀವೆಲ್ಲ ಪಾಪ ಪಾಪ ಅಂತೀರಿ. ನನ್ನ ಸೈಟಿನ ಒಬ್ಬ ಹುಡುಗ ಈ ಸಂಬಳದಲ್ಲೇ ಇಬ್ಬರು ತಂಗಿಯರ ಮದುವೆ ಮಾಡಿದ್ದಾನೆ. ಅವನ ಎದುರು ಪಾಪ ಅಂದು ನೋಡು, ಬಯ್ಯುತ್ತಾನೆ."

ಭಾವನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಊರಲ್ಲಿ ಏಜೆಂಟನಿಗೆ ಕೊಟ್ಟ ದುಡ್ಡಿನ ಸಾಲ ತಲೆ ಮೇಲಿರುವಾಗ ಮನುಷ್ಯ ಒಪ್ಪಿ ಬಂದ ಅನ್ನುವುದಕ್ಕೂ ಬೇರೆ ದಾರಿ ಇಲ್ಲದೆ ಬಂದ ಅನ್ನುವುದಕ್ಕೂ ವ್ಯತ್ಯಾಸ ಇದೆ. ಆದರೆ ಅವರ ಸಿಟ್ಟು ನನಗೆ ಒಂದು ವಿಷಯ ತೋರಿಸಿತು. "ಪಾಪ, ಕಾರ್ಮಿಕರು" ಅನ್ನುವುದೂ 124ನೇ ಮಹಡಿಯಿಂದ ನೋಡಿದ ನೋಟವೇ. ಅದರಲ್ಲೂ ಮುಖ ಇಲ್ಲ. ತಂಗಿಯ ಮದುವೆ ಮಾಡಿದ ಹೆಮ್ಮೆಯ ಅಣ್ಣ ಅಲ್ಲಿ ಕಾಣುವುದಿಲ್ಲ, ಒಂದು ಗುಂಪು ಮಾತ್ರ ಕಾಣುತ್ತದೆ. ಮರುಕ ಪಡುವವನಿಗೆ ತಾನು ಒಳ್ಳೆಯವನು ಅನ್ನಿಸುತ್ತದೆ, ಅಲ್ಲಿಗೆ ಅವನ ಕೆಲಸ ಮುಗಿಯುತ್ತದೆ.

ಹಾಗಾದರೆ ಎತ್ತರದಲ್ಲಿ ನಿಂತವನು ಮಾಡಬೇಕಾದ್ದು ಏನು? ಇದಕ್ಕೆ ಉತ್ತರದ ಹಾಗೆ ಕಾಣುವ ಒಂದು ಸಂಗತಿ ಅದೇ ಕಟ್ಟಡದಲ್ಲಿದೆ.

ಭೂಮಿ ದುಂಡಗಿರುವುದರಿಂದ ಎತ್ತರದಲ್ಲಿ ಇರುವವರಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ. ನೆಲದಲ್ಲಿ ಸೂರ್ಯಾಸ್ತ ಆದಮೇಲೂ ಮೇಲಿನವರ ಕಿಟಕಿಯಲ್ಲಿ ಅವನು ಇನ್ನೂ ಕೆಂಪಗೆ ಕೂತಿರುತ್ತಾನೆ. ರಂಜಾನ್ ಉಪವಾಸ ಬಿಡುವುದು ಸೂರ್ಯ ಮುಳುಗಿದ ಮೇಲೆ. ಯಾರ ಸೂರ್ಯ? 2011ರಲ್ಲಿ ದುಬೈನ ಮುಖ್ಯ ಮುಫ್ತಿ ಇದನ್ನು ಸ್ಪಷ್ಟ ಮಾಡಿದರು: 80ನೇ ಮಹಡಿಯಿಂದ 150ರವರೆಗಿನವರು 2 ನಿಮಿಷ, ಅದಕ್ಕಿಂತ ಮೇಲಿರುವವರು 3 ನಿಮಿಷ ತಡವಾಗಿ ಉಪವಾಸ ಬಿಡಬೇಕು. ಅಂದರೆ ಕೆಳಗೆ ಬಾಂಗ್ ಕೇಳಿ ಕೂಲಿಯವನು ಖರ್ಜೂರ ಬಾಯಿಗಿಟ್ಟುಕೊಳ್ಳುವಾಗ ಮೇಲಿನ ಸಾಹುಕಾರ ತಟ್ಟೆ ಎದುರಿಟ್ಟುಕೊಂಡು ಕಾಯುತ್ತಿರಬೇಕು.

ಇದನ್ನು ಯೋಚಿಸಿದಷ್ಟೂ ನನಗೆ ಇಷ್ಟವಾಗುತ್ತದೆ. ಇಲ್ಲಿ ಮರುಕದ ಮಾತೇ ಇಲ್ಲ. ನಿನಗೆ ಬೆಳಕು ಕಾಣುತ್ತಿದೆ, ಆದ್ದರಿಂದ ನೀನು ಕಾಯಬೇಕು, ಅಷ್ಟೇ. ಪರದೆ ಎಳೆದು "ನನಗೆ ಕಾಣಲಿಲ್ಲ" ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ. ಎತ್ತರ ಹೆಚ್ಚಾದ ಹಾಗೆ ನೋಟ ಹೆಚ್ಚು, ನೋಟ ಹೆಚ್ಚಾದ ಹಾಗೆ ಕಟ್ಟುಪಾಡೂ ಹೆಚ್ಚು.

ಎರಡು ನಿಮಿಷದಿಂದ ಏನಾಗುತ್ತೆ ಸ್ವಾಮೀ ಅಂತ ನೀವು ಕೇಳಬಹುದು. ಅದರಿಂದ ಯಾರ ಸಂಬಳವೂ ಏರುವುದಿಲ್ಲ, ನಿಜ. ಆದರೆ ಬೇರೆ ಎಲ್ಲ ಕಡೆ ಲೋಕ ನಡೆಯುವುದು ಉಲ್ಟಾ ದಿಕ್ಕಿನಲ್ಲಿ ಅನ್ನುವುದನ್ನು ಗಮನಿಸಿ. ಅದೇ ಬುರ್ಜ್ ಖಲೀಫಾದಲ್ಲಿ ಹೆಚ್ಚು ದುಡ್ಡು ಕೊಟ್ಟರೆ ಕ್ಯೂ ನಿಲ್ಲದೆ ಹೋಗುವ ಟಿಕೆಟ್ ಸಿಗುತ್ತದೆ, ನಮ್ಮ ದೇವಸ್ಥಾನಗಳ ವಿಶೇಷ ದರ್ಶನದ ಹಾಗೆ. ಮೇಲೇರಿದವನಿಗೆ ಕಾಯುವ ಕಷ್ಟ ಇಲ್ಲ ಅನ್ನುವುದೇ ಮೇಲೇರುವುದರ ಅರ್ಥವಾಗಿ ಹೋಗಿದೆ. ಮೇಲಿದ್ದವನೇ ಹೆಚ್ಚು ಕಾಯಬೇಕು ಅನ್ನುವ ನಿಯಮ, ಎರಡೇ ನಿಮಿಷದ್ದಾದರೂ, ಅಪರೂಪದ್ದು.

ಇದನ್ನು ದುಬೈಯಲ್ಲೇ ಬಿಟ್ಟು ಬರಬೇಕಾಗಿಲ್ಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡುವವರು ಎಷ್ಟನೇ ಮಹಡಿ, ಗಾಳಿ ಬೆಳಕು ಹೇಗಿದೆ, ವ್ಯೂ ಹೇಗಿದೆ ಅಂತ ವಿಚಾರಿಸುತ್ತಾರೆ. ಪಕ್ಕದಲ್ಲೇ ಇರುವ ತಗಡಿನ ಶೆಡ್ಡುಗಳು ಕಣ್ಣಿಗೆ ಬಿದ್ದೇ ಇರುತ್ತವೆ. ಅಲ್ಲಿ ಕುಡಿಯುವ ನೀರು ಎಲ್ಲಿಂದ, ಮಕ್ಕಳು ಶಾಲೆಗೆ ಹೋಗ್ತಾವಾ, ಕೂಲಿ ಬಾಕಿ ಇದೆಯಾ ಅಂತ ಬಿಲ್ಡರನನ್ನು ಕೇಳಿದವರು ಎಷ್ಟು ಜನ? ಕೇಳಿದರೆ ಕೆಲಸ ಸ್ವಲ್ಪ ತಡವಾಗಬಹುದು, ಕೀ ಕೈಗೆ ಬರುವುದು ಎರಡು ತಿಂಗಳು ಮುಂದೆ ಹೋಗಬಹುದು, ಗೃಹಪ್ರವೇಶಕ್ಕೆ ಬೇರೆ ಮುಹೂರ್ತ ಹುಡುಕಬೇಕಾಗಬಹುದು. ಹುಡುಕೋಣ. ಶೆಡ್ಡು ಕಂಡಿದೆ ಅಂದಮೇಲೆ ಅಷ್ಟು ಕಾಯುವುದು ಕಂಡವನ ಪಾಲಿಗೆ ಬಂದದ್ದು.